ಅಳತೆ, ಧಾರಣೆ, ಕೂಲಿ

ಓದುಗರೇ, ಒಂದು ದಿನದ ಕಥೆಯನ್ನು ಊಹಿಸಿಕೊಳ್ಳಿ. ಬೆಳಿಗ್ಗೆ ಪೇಟೆಗೆ ಹೋಗಿ ಎರಡು ಕಿಲೊ ಬೆಲ್ಲ ತಂದಿರಿ. ಮನೆಯಲ್ಲಿ ಸುಮ್ಮನೆ ತೂಗಿ ನೋಡಿದರೆ ನೂರು ಗ್ರಾಮು ಕಡಿಮೆ. ಅದೇ ಬೇಸರದಲ್ಲಿ ಕಚೇರಿಗೆ ಹೋದಿರಿ. ಪಕ್ಕದ ಮೇಜಿನ ಮಹನೀಯರು ಚಹಕ್ಕೆಂದು ಎದ್ದವರು ಊಟದ ಹೊತ್ತಿಗೆ ಮರಳಿದರು. ಅವರ ಕಾಗದಗಳೂ ನಿಮ್ಮ ಪಾಲಿಗೇ ಬಂದವು. ಸಂಜೆ, ಹೋದ ತಿಂಗಳು ಕೊಂಡ ಪಂಖ ತಿರುಗದೆ ನಿಂತಿತೆಂದು ಅಂಗಡಿಗೆ ಹೊತ್ತು ನಡೆದಿರಿ. ಅಂಗಡಿಯವರು ಕಂಪನಿಯ ಕಡೆಗೆ ಬೆರಳು ತೋರಿದರು, ಕಂಪನಿಯವರು ಅಂಗಡಿಯ ಕಡೆಗೆ. ರಾತ್ರಿ ಊಟಕ್ಕೆ ಕುಳಿತಾಗ ಮನೆಯ ಹಿರಿಯರು ನಿಟ್ಟುಸಿರು ಬಿಟ್ಟು, “ಕಾಲ ಕೆಟ್ಟಿತಪ್ಪಾ, ನಮ್ಮ ಕಾಲದಲ್ಲಿ ಹೀಗಿರಲಿಲ್ಲ” ಎಂದರು.

ಹಿರಿಯರ ಮಾತಿಗೆ ಎದುರಾಡಬಾರದು. ಆದರೂ, ಕಾಲ ಕೆಟ್ಟದ್ದು ಯಾವಾಗ ಎಂದು ಒಮ್ಮೆ ವಿಚಾರಿಸಿದರೆ ತಪ್ಪೇನೂ ಇಲ್ಲವಷ್ಟೆ? ಈ ವಿಚಾರಣೆಗೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ಲುಗಳ ಸೀಮೆಗಿಂತ ಒಳ್ಳೆಯ ಜಾಗ ಕನ್ನಡನಾಡಿನಲ್ಲಿ ಸಿಕ್ಕುವುದು ಕಷ್ಟ. ಇಲ್ಲಿ ಅರಮನೆಗಳು ಬಿದ್ದುಹೋಗಿವೆ, ಪೇಟೆಗಳು ಉಳಿದಿವೆ. ಒಂದೂವರೆ ಸಾವಿರ ವರ್ಷಗಳಿಂದ ಇಲ್ಲಿಯ ಜನ ಕೊಂಡಿದ್ದಾರೆ, ಮಾರಿದ್ದಾರೆ, ನೇಯ್ದಿದ್ದಾರೆ. ಅಷ್ಟೇ ಕಾಲದಿಂದ ಒಬ್ಬರೊಡನೊಬ್ಬರು ತಕರಾರನ್ನೂ ಮಾಡಿದ್ದಾರೆ. ಆ ತಕರಾರುಗಳನ್ನು ಸೋಸಿ ನೋಡಿದರೆ ಮೂರೇ ಉಳಿಯುತ್ತವೆ: ಅಳತೆಯ ತಕರಾರು, ಧಾರಣೆಯ ತಕರಾರು, ಕೂಲಿಯ ತಕರಾರು.

ಮೊದಲು ಐಹೊಳೆಗೆ ಹೋಗೋಣ. ಹುನಗುಂದ ತಾಲೂಕಿನ ಈ ಊರನ್ನು ನಾವು ಗುಡಿಗಳಿಗಾಗಿ ಬಲ್ಲೆವು. ಮೇಗುತಿಯ ಗುಡಿಯಲ್ಲಿ ಕ್ರಿ. ಶ. ೬೩೪ರ ರವಿಕೀರ್ತಿಯ ಶಾಸನವಿದೆ. ಇಮ್ಮಡಿ ಪುಲಕೇಶಿಯ ದಿಗ್ವಿಜಯವನ್ನು ಶಾಲೆಯ ಮಕ್ಕಳೂ ಅದರಿಂದ ತಿಳಿಯುತ್ತಾರೆ. ಆದರೆ ಪುಲಕೇಶಿಯ ದಂಡು ಹೋಗದ ದೇಶಗಳಿಗೂ ಈ ಊರಿನ ಹೆಸರು ಹೋಗಿದೆ. ಅದನ್ನು ಕೊಂಡೊಯ್ದವರು ವ್ಯಾಪಾರಿಗಳು. ‘ಅಯ್ಯಾವೊಳೆಯ ಐನೂರ್ವರು’ ಎಂಬ ವರ್ತಕ ಸಂಘದ ಶಾಸನಗಳು ಕನ್ನಡ, ತೆಲುಗು, ತಮಿಳು ನಾಡುಗಳಲ್ಲೆಲ್ಲ ಹರಡಿವೆ. ಸುಮಾತ್ರಾ ದ್ವೀಪದ ಬಾರೂಸಿನ ಹತ್ತಿರ ೧೦೮೮ರ ತಮಿಳು ಶಾಸನವೊಂದು ದೊರೆತಿದೆ. ಅದರಲ್ಲಿಯೂ ಈ ಐನೂರ್ವರೇ ಇದ್ದಾರೆ. ಬರ್ಮಾದೇಶದ ಪಗಾನಿನಲ್ಲಿ ೧೩ನೆಯ ಶತಮಾನದಲ್ಲಿ ‘ನಾನಾದೇಶಿ’ ವರ್ತಕರ ಹೆಸರಿನ ವಿಷ್ಣುವಿನ ಗುಡಿಯೊಂದಿತ್ತು. ಮಲಪ್ರಭೆಯ ದಂಡೆಯ ಒಂದು ಊರಿನ ಹೆಸರು ಸಮುದ್ರದಾಚೆ ಹುಂಡಿಯ ಹಾಗೆ ಚಲಾವಣೆಯಾಗಿತ್ತೆಂದರೆ ಅತಿಶಯೋಕ್ತಿಯಲ್ಲ.

ಇವರು ಇಂದಿನ ಅರ್ಥದ ಒಂದು ಕಂಪನಿಯಲ್ಲ. ಒಬ್ಬ ಯಜಮಾನ, ಒಂದು ಗಲ್ಲೆ, ಒಂದು ಲೆಕ್ಕದ ಪುಸ್ತಕ ಇವರಿಗೆ ಇರಲಿಲ್ಲ. ಶಿವಮೊಗ್ಗ ಜಿಲ್ಲೆಯ ಬಳ್ಳಿಗಾವೆಯ ೧೧ನೆಯ ಶತಮಾನದ ಶಾಸನವೊಂದು ಇವರಲ್ಲಿ ಎಷ್ಟು ಬಗೆಯವರಿದ್ದರೆಂಬುದನ್ನು ಹೇಳುತ್ತದೆ: ಸೆಟ್ಟಿಗಳು, ಗವರೆಗಳು, ಗಾತ್ರಿಗರು, ಬೀರವಣಿಗರು, ಗಾವುಂಡರು ಹೀಗೆ. ಆನೆ ಕುದುರೆಗಳಿಂದ ಹಿಡಿದು ಮುತ್ತು, ಮಾಣಿಕ, ಏಲಕ್ಕಿ, ಲವಂಗ, ಗಂಧ, ಕರ್ಪೂರ, ಕಸ್ತೂರಿಯವರೆಗೆ ಇವರ ಸರಕಿನ ಪಟ್ಟಿಯಿದೆ. ಸಗಟಾಗಿ ಮಾರುವವರೂ ಉಂಟು, ಹೆಗಲ ಮೇಲೆ ಗಂಟು ಹೊತ್ತು ಬೀದಿ ಬೀದಿ ತಿರುಗುವವರೂ ಉಂಟು. ಇಷ್ಟು ಜನ, ಇಷ್ಟು ಜಾತಿ, ಇಷ್ಟು ಭಾಷೆ; ಇವರನ್ನು ಕಟ್ಟಿ ಹಿಡಿದದ್ದು ಏನು?

ಶಾಸನಗಳು ಅದಕ್ಕೆ ‘ಸಮಯ’ ಎನ್ನುತ್ತವೆ. ಇಲ್ಲಿ ಸಮಯವೆಂದರೆ ಗಡಿಯಾರದ ಹೊತ್ತಲ್ಲ. ಒಟ್ಟುಗೂಡಿ ಮಾಡಿಕೊಂಡ ಕಟ್ಟಳೆ, ಕೊಟ್ಟ ಮಾತು. ಅದನ್ನು ಮುರಿದವನು ಸಮಯದ್ರೋಹಿ. ಸಂಘದ ಬಿರುದಾವಳಿಯಲ್ಲಿ ಶೌರ್ಯದ ಜೊತೆಗೆ ಸತ್ಯ, ಶೌಚ, ನಯ, ವಿನಯಗಳನ್ನೂ ಹೊಗಳಿಕೊಂಡಿದ್ದಾರೆ. ಹೊಗಳಿಕೊಂಡವರೆಲ್ಲ ಹಾಗೆಯೇ ನಡೆದರೆಂದು ನಂಬಬೇಕಾಗಿಲ್ಲ. ಇಂದಿನ ಜಾಹೀರಾತುಗಳನ್ನು ನಾವು ಹಾಗೆ ನಂಬುತ್ತೇವೆಯೆ? ಆದರೆ ಜಾಹೀರಾತಿನಲ್ಲಿ ಯಾವ ಗುಣವನ್ನು ಎತ್ತಿ ಹೇಳುತ್ತಾರೋ ಆ ಗುಣಕ್ಕೆ ಗಿರಾಕಿ ಬೆಲೆ ಕೊಡುತ್ತಾನೆಂಬುದು ಮಾತ್ರ ಖಂಡಿತ. ‘ವ್ಯಾಪಾರಂ ದ್ರೋಹಚಿಂತನಂ’ ಎಂಬ ಗಾದೆಯನ್ನು ಬಾಯಲ್ಲಿಟ್ಟುಕೊಂಡ ಸಮಾಜದಲ್ಲಿ ವ್ಯಾಪಾರಿ ತಾನು ದ್ರೋಹಿಯಲ್ಲವೆಂದು ಕಲ್ಲಿನಲ್ಲಿ ಬರೆಯಿಸಬೇಕಾಯಿತು.

ಈಗ ಮೊದಲನೆಯ ತಕರಾರಿಗೆ ಬರೋಣ: ಅಳತೆ.

ಹಳೆಯ ಶಾಸನಗಳನ್ನು ಓದುವವರಿಗೆ ಅಳತೆಯ ಮಾತುಗಳು ಹೆಜ್ಜೆ ಹೆಜ್ಜೆಗೂ ಸಿಕ್ಕುತ್ತವೆ. ಧಾನ್ಯಕ್ಕೆ ಕೊಳಗ, ಬಳ್ಳ, ಮಾನ, ಎಣ್ಣೆಗೆ ಸೊಲ್ಲಗೆ, ನಾಣ್ಯಕ್ಕೆ ಗದ್ಯಾಣ, ಪಣ, ಹಾಗ, ವೀಸ, ನೆಲಕ್ಕೆ ಮತ್ತರು. ದೇವರಿಗೆ ಗಾಣಕ್ಕಿಷ್ಟು ಎಣ್ಣೆ, ಹೇರಿಗಿಷ್ಟು ಕಾಣಿಕೆ ಎಂದು ಬಿಡುವಾಗಲೂ ಯಾವ ಅಳತೆಯಿಂದ ಎಂಬುದನ್ನು ಬಿಡಿಸಿ ಹೇಳುವ ವಾಡಿಕೆಯಿತ್ತು. ನೆಲವನ್ನು ಅಳೆಯುವ ಗಳೆಯ ಉದ್ದವನ್ನು ಗುಡಿಯ ಕಲ್ಲಿನ ಮೇಲೆಯೇ ಗುರುತು ಮಾಡಿದ್ದೂ ಉಂಟು. ಇದರ ಕಾರಣ ಸರಳ. ಒಂದೂರಿನ ಗಳೆ ಇನ್ನೊಂದೂರಿನ ಗಳೆಯಷ್ಟಿರಲಿಲ್ಲ. ಕಲ್ಲಿನ ಮೇಲಿನ ಗೀಟನ್ನು ರಾತ್ರೋರಾತ್ರಿ ಕುಗ್ಗಿಸಲು ಬರುವುದಿಲ್ಲ, ಯಾವ ಬಡವನೂ ಬಂದು ತನ್ನ ಕೋಲನ್ನು ಅದಕ್ಕೆ ಹಿಡಿದು ನೋಡಬಹುದು.

ಕಲ್ಯಾಣದ ಚಾಲುಕ್ಯ ಆರನೆಯ ವಿಕ್ರಮಾದಿತ್ಯ ೧೦೭೬ರಿಂದ ೧೧೨೬ರವರೆಗೆ ಆಳಿದನು. ಅವನ ರಾಜಧಾನಿಯಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಆಸ್ತಿಯ ಪಾಲಿನ ವಿಷಯದಲ್ಲಿ ಅದರ ಹೆಸರನ್ನು ವಕೀಲರ ಬಾಯಿಂದ ನೀವು ಕೇಳಿರಬಹುದು. ಆದರೆ ಅದರಲ್ಲಿ ಪೇಟೆಯ ವಿಷಯವೂ ಸಾಕಷ್ಟಿದೆ. ಅಳತೆಯಲ್ಲಿಯೋ ತೂಕದಲ್ಲಿಯೋ ಎಂಟನೆಯ ಒಂದು ಪಾಲನ್ನು ಕದ್ದವನಿಗೆ ಇನ್ನೂರು ಪಣ ದಂಡ. ಕದ್ದದ್ದು ಹೆಚ್ಚಾದರೆ ದಂಡವೂ ಹೆಚ್ಚು, ಕಡಿಮೆಯಾದರೆ ಕಡಿಮೆ. ಸುಳ್ಳು ತಕ್ಕಡಿಯನ್ನು ಮಾಡುವವನಿಗೂ, ಅದು ಸುಳ್ಳೆಂದು ತಿಳಿದು ಬಳಸುವವನಿಗೂ ಎಲ್ಲಕ್ಕಿಂತ ಮೇಲಿನ ದಂಡ. ಧರ್ಮಶಾಸ್ತ್ರದ ಮಾತೆಲ್ಲ ಬೀದಿಯಲ್ಲಿ ನಡೆದ ಮಾತೆಂದು ಹೇಳಲಾಗದು. ಆದರೆ ಇಲ್ಲದ ಕಳ್ಳತನಕ್ಕೆ ಯಾರೂ ದಂಡವನ್ನು ಗೊತ್ತುಮಾಡುವುದಿಲ್ಲ. ನಿಮ್ಮ ಬೆಲ್ಲದ ನೂರು ಗ್ರಾಮು ಒಂಬತ್ತು ನೂರು ವರ್ಷಗಳ ಹಿಂದೆಯೂ ಕಡಿಮೆ ಬೀಳುತ್ತಿತ್ತು!

ಹತ್ತಿರದ ಕಾಲಕ್ಕೆ ಬಂದರೆ ಸೇರಿನ ಗೊಂದಲ. ೮೦ ತೊಲೆಯ ಸೇರು ಒಂದು ಕಡೆ, ಮೈಸೂರಿನ ಕಡೆಯ ೨೪ ತೊಲೆಯ ಕಚ್ಚಾ ಸೇರು ಇನ್ನೊಂದು ಕಡೆ. ಮೊದಲನೆಯದು ಇಂದಿನ ಲೆಕ್ಕದಲ್ಲಿ ಸುಮಾರು ೯೩೩ ಗ್ರಾಮು, ಎರಡನೆಯದು ಸುಮಾರು ೨೮೦ ಗ್ರಾಮು. ಎರಡಕ್ಕೂ ಹೆಸರು ಸೇರೇ! ಬಾಗಲಕೋಟೆ ಆಗ ಮುಂಬಯಿ ಇಲಾಖೆಯ ವಿಜಾಪುರ ಜಿಲ್ಲೆಯಲ್ಲಿತ್ತು. ಆ ಇಲಾಖೆಯಲ್ಲಿ ೧೯೩೨ರಲ್ಲಿ ತೂಕ ಅಳತೆಗಳ ಕಾನೂನು ಬಂದಿತು. ೧೯೫೬ರಲ್ಲಿ ಇಡೀ ದೇಶಕ್ಕೆ ಒಂದೇ ಕಾನೂನಾಯಿತು. ೧೯೫೮ರ ಅಕ್ಟೋಬರದಿಂದ ಕಿಲೊಗ್ರಾಮು ಪೇಟೆಗೆ ಕಾಲಿಟ್ಟಿತು. ೧೯೬೨ರ ಏಪ್ರಿಲಿನಿಂದ ಸೇರು, ಮಣಗಳಿಂದ ತೂಗುವುದು ನಿಷಿದ್ಧವಾಯಿತು.

ಅದಕ್ಕೂ ಮೊದಲೇ, ೧೯೫೭ರ ಏಪ್ರಿಲ್ ೧ರಂದು ನಯಾಪೈಸೆ ಬಂದಿತ್ತು. ಹದಿನಾರು ಆಣೆಯ ರೂಪಾಯಿ ನೂರು ಪೈಸೆಯ ರೂಪಾಯಿಯಾಯಿತು. ಒಂದು ಆಣೆಗೆ ಸರಿಯಾಗಿ ಆರೂಕಾಲು ಪೈಸೆ. ಈ ಕಾಲು ಪೈಸೆ ಯಾರದು? ಚಿಲ್ಲರೆ ಕೊಡುವವನು ಅದು ತನ್ನದೆಂದನು, ಪಡೆಯುವವನು ತನ್ನದೆಂದನು. ಆ ದಿನಗಳನ್ನು ಕಂಡ ಹಿರಿಯರು ನಿಮ್ಮ ಮನೆಯಲ್ಲಿದ್ದರೆ ಕೇಳಿ ನೋಡಿ. ‘ನಮ್ಮ ಕಾಲದಲ್ಲಿ ಹೀಗಿರಲಿಲ್ಲ’ ಎಂದವರೇ ಆ ಕಾಲು ಪೈಸೆಯ ಜಗಳವನ್ನು ನಗುತ್ತ ಹೇಳಿಯಾರು.

ಎರಡನೆಯ ತಕರಾರು ಧಾರಣೆಯದು. ಇದು ಅಳತೆಗಿಂತ ಸೂಕ್ಷ್ಮ. ತಕ್ಕಡಿ ಕಣ್ಣಿಗೆ ಕಾಣುತ್ತದೆ. ಧಾರಣೆಯನ್ನು ಕಟ್ಟುವ ಕೈ ಕಾಣುವುದಿಲ್ಲ.

ಯಾಜ್ಞವಲ್ಕ್ಯನ ಸ್ಮೃತಿಯಲ್ಲಿಯೇ ಇದರ ಮಾತಿದೆ, ವಿಜ್ಞಾನೇಶ್ವರನು ಅದನ್ನು ವಿವರಿಸಿದ್ದಾನೆ. ಬೆಲೆಯ ಏರಿಳಿತವನ್ನು ಬಲ್ಲ ವರ್ತಕರು ಒಟ್ಟುಗೂಡಿ, ಕೂಲಿಕಾರರಿಗೂ ಕುಶಲಕರ್ಮಿಗಳಿಗೂ ತೊಂದರೆಯಾಗುವಂಥ ಬೆಲೆಯನ್ನು ಕಟ್ಟಿದರೆ ಅವರಿಗೆ ಉತ್ತಮ ಸಾಹಸವೆಂಬ ದಂಡ. ಎಂದರೆ ೧೦೮೦ ಪಣ. ಅದೇ ಗ್ರಂಥದಲ್ಲಿ ಲಾಭಕ್ಕೂ ಒಂದು ಮಿತಿಯನ್ನು ಹೇಳಿದೆ: ಕೊಂಡು ಕೂಡಲೆ ಮಾರುವ ವ್ಯಾಪಾರಿಗೆ ಸ್ವದೇಶದ ಸರಕಿನಲ್ಲಿ ನೂರಕ್ಕೆ ಐದು, ಪರದೇಶದ ಸರಕಿನಲ್ಲಿ ನೂರಕ್ಕೆ ಹತ್ತು. ದೊಡ್ಡ ಕಂಪನಿಗಳು ಒಳಗೊಳಗೆ ಕೈಕೂಡಿಸಿ ಬೆಲೆ ಏರಿಸುವುದು ಈ ಕಾಲದ ಪಿಡುಗೆಂದು ನಾವು ತಿಳಿದಿದ್ದೇವೆ. ಕಂಪನಿಗಳು ಹೊಸವು, ಕೈಕೂಡಿಸುವುದು ಹಳೆಯದು.

ಬೆಲೆಯೇ ಅಲ್ಲ, ಸರಕಾರದ ತೆರಿಗೆಯೂ ಗೊತ್ತಿರಬೇಕೆಂಬ ಹಟ ನಮ್ಮ ಊರುಗಳಿಗೆ ಇತ್ತು. ಬಾದಾಮಿಯ ಚಾಲುಕ್ಯರ ಯುವರಾಜ ವಿಕ್ರಮಾದಿತ್ಯನು ೮ನೆಯ ಶತಮಾನದಲ್ಲಿ ಪುಲಿಗೆರೆಯ, ಎಂದರೆ ಇಂದಿನ ಲಕ್ಷ್ಮೇಶ್ವರದ ಮಹಾಜನರಿಗೂ ನಗರದವರಿಗೂ ಒಂದು ಆಚಾರವ್ಯವಸ್ಥೆಯನ್ನು ಬರೆದುಕೊಟ್ಟನು. ಅರಸನ ಅಧಿಕಾರಿಗಳು ಊರಿಗೆ ಏನು ಮಾಡಬೇಕು, ಊರವರು ಅರಸನಿಗೆ ಏನು ಕೊಡಬೇಕು ಎಂಬ ಎರಡೂ ಅದರಲ್ಲಿವೆ. ಮನೆಗಳ ಅಂತಸ್ತಿಗೆ ತಕ್ಕಂತೆ ತೆರಿಗೆಯ ದರವನ್ನು ಗೊತ್ತುಮಾಡಿದೆ. ಕಂಚುಗಾರರ, ಗಾಣಿಗರ ಸಂಘಗಳ ಮಾತೂ ಇದೆ. ಕಲ್ಲಿನಲ್ಲಿ ಕೊರೆದ ಮೇಲೆ ‘ನನಗೆ ಗೊತ್ತಿರಲಿಲ್ಲ’ ಎಂದು ಯಾವ ಅಧಿಕಾರಿಯೂ ಹೇಳುವಂತಿಲ್ಲ.

ಇನ್ನು ಹತ್ತಿಯ ಕಥೆ. ೧೮೬೧ರಿಂದ ೧೮೬೫ರವರೆಗೆ ಅಮೇರಿಕೆಯಲ್ಲಿ ಅಂತರ್ಯುದ್ಧ ನಡೆಯಿತು. ಅಲ್ಲಿಯ ಹತ್ತಿ ಮ್ಯಾಂಚೆಸ್ಟರಿಗೆ ಬರುವುದು ನಿಂತಿತು. ನಮ್ಮ ಎರೆಯ ನೆಲದ ಹತ್ತಿಗೆ ಬಂಗಾರದ ಬೆಲೆ ಬಂದಿತು. ಬಂಗಾರದ ಬೆಲೆ ಬಂದ ಕೂಡಲೆ ಅದರಲ್ಲಿ ಕಸ, ಕಾಳು, ಮಣ್ಣು, ನೀರು ಎಲ್ಲವೂ ಸೇರತೊಡಗಿದವು. ಮ್ಯಾಂಚೆಸ್ಟರಿನ ಗಿರಣಿಯವರ ಬೊಬ್ಬೆ ಮುಂಬಯಿಗೆ ಮುಟ್ಟಿ, ೧೮೬೩ರಲ್ಲಿ ಹತ್ತಿಯ ಮೋಸವನ್ನು ತಡೆಯುವ ಕಾನೂನನ್ನೇ ಸರಕಾರ ಮಾಡಿತು. ಇಲ್ಲಿ ಒಂದು ಮಾತನ್ನು ಗಮನಿಸಬೇಕು. ಕೊಳ್ಳುವ ಕಂಪನಿಗೆ ಮೋಸವಾದಾಗ ಕಾನೂನು ಎರಡು ವರ್ಷದಲ್ಲಿ ಬಂದಿತು. ಮಾರುವ ರೈತನಿಗಾಗುವ ಮೋಸಕ್ಕೆ ಈ ಭಾಗದಲ್ಲಿ ಕಾನೂನು ಬರಲು ಇನ್ನೂ ಹಲವು ದಶಕಗಳು ಬೇಕಾದವು.

ಆ ಮೋಸ ಹೇಗಿತ್ತು? ರೈತ ಚೀಲ ತಂದು ಅಡತಿ ಅಂಗಡಿಯ ಮುಂದೆ ಇಳಿಸುವನು. ದಲಾಲನೂ ಖರೀದಿದಾರನೂ ಎದುರುಬದುರು ಕುಳಿತು, ಕೈಗಳ ಮೇಲೆ ಒಂದು ವಲ್ಲಿಯನ್ನು ಹೊದಿಸಿಕೊಳ್ಳುವರು. ವಲ್ಲಿಯ ಕೆಳಗೆ ಬೆರಳು ಹಿಡಿದು, ಹಿಚುಕಿ ಧಾರಣೆ ಮುರಿಯುವರು. ಮಾಲಿನ ಒಡೆಯ ಪಕ್ಕದಲ್ಲಿಯೇ ನಿಂತಿರುವನು. ಅವನ ಬೆವರಿನ ಬೆಲೆ ಅವನ ಕಣ್ಣೆದುರಿಗೇ, ಆದರೆ ಅವನ ಕಣ್ಣಿಗೆ ಕಾಣದ ಹಾಗೆ ಗೊತ್ತಾಗುವುದು. ಆಮೇಲೆ ಕಡತಗಳು ಆರಂಭ: ಹಮಾಲಿ, ತೂಕದ ಹಣ, ಧರ್ಮಾದಾಯ, ಮಾದರಿಯ ಹೆಸರಿನಲ್ಲಿ ತೆಗೆದ ಬೊಗಸೆ ಬೊಗಸೆ ಧಾನ್ಯ. ಧರ್ಮ ಮಾಡಿದವನು ರೈತ, ಪುಣ್ಯ ಪಡೆದವನು ಸಾವುಕಾರ! ದೇಶದ ಪೇಟೆಗಳಲ್ಲಿದ್ದ ಈ ಬಗೆಯ ಪದ್ಧತಿಗಳನ್ನೆಲ್ಲ ೧೯೨೮ರಲ್ಲಿ ಕೃಷಿಯ ರಾಯಲ್ ಕಮಿಶನ್ನಿನ ವರದಿ ಬಯಲಿಗೆಳೆಯಿತು. ವರ್‍ಹಾಡದಲ್ಲಿ ೧೮೯೭ರಷ್ಟು ಹಿಂದೆಯೇ ಪೇಟೆಯನ್ನು ನಿಯಂತ್ರಿಸುವ ಕಾನೂನಿತ್ತು. ಅದರಂತೆ ಎಲ್ಲೆಡೆಯೂ ಆಗಬೇಕೆಂದು ಕಮಿಶನ್ನು ಸೂಚಿಸಿತು. ಮುಂಬಯಿ ಇಲಾಖೆಯ ಕೃಷಿ ಉತ್ಪನ್ನ ಪೇಟೆಗಳ ಕಾನೂನು ೧೯೩೯ರಲ್ಲಿಯೂ, ಏಕೀಕರಣದ ನಂತರ ನಮ್ಮ ರಾಜ್ಯದ ಕಾನೂನು ೧೯೬೬ರಲ್ಲಿಯೂ ಬಂದವು. ಬಹಿರಂಗ ಹರಾಜು, ಪರೀಕ್ಷಿಸಿದ ತಕ್ಕಡಿ, ಗೊತ್ತಾದ ಕಡತ, ರೈತರೂ ಕೂಡುವ ಸಮಿತಿ, ಇವು ಈ ಕಾನೂನುಗಳ ಸಾರ.

ಇನ್ನೊಂದು ಸಂಗತಿಯನ್ನು ರೇಡಿಯೋ ಇಟ್ಟುಕೊಂಡ ಮನೆಯವರಿಗೆ ಹೇಳದಿರಲಾರೆ. ೧೯೫೦ರ ಜನವರಿ ೮ರಂದು ಧಾರವಾಡದಲ್ಲಿ ಆಕಾಶವಾಣಿಯ ನಿಲಯ ಆರಂಭವಾಯಿತು. ಹಾಡು, ನಾಟಕಗಳ ನಡುವೆ ಪೇಟೆಯ ಧಾರಣೆಗಳೂ ಬಿತ್ತರವಾಗತೊಡಗಿದವು. ಪಟ್ಟಣದಲ್ಲಿ ಕೇಳುವ ನಾವು ಆ ಹೊತ್ತಿಗೆ ಎದ್ದು ಬೇರೆ ಕೆಲಸಕ್ಕೆ ಹೋಗುತ್ತಿದ್ದೆವು; ಜೋಳ ಇಷ್ಟು, ಸೇಂಗಾ ಇಷ್ಟು ಎಂಬ ಆ ಪಟ್ಟಿ ನಮಗೆ ಬೇಸರ. ಆದರೆ ವಲ್ಲಿಯ ಕೆಳಗಿನ ಬೆರಳುಗಳನ್ನು ನೋಡುತ್ತ ನಿಂತಿದ್ದ ಆ ರೈತನನ್ನು ನೆನೆಯಿರಿ. ಗುಟ್ಟಾಗಿದ್ದ ಸಂಖ್ಯೆ ಗಾಳಿಯಲ್ಲಿ ತೇಲಿ ಅವನ ಕಟ್ಟೆಗೆ ಬಂದಿತು. ಅವನ ಪಾಲಿಗೆ ಅದಕ್ಕಿಂತ ಇಂಪಾದ ಸಂಗೀತ ಇದ್ದಿರಲಾರದು. ೨೦೧೪ರ ನಂತರ ರಾಜ್ಯದ ಪೇಟೆಗಳಲ್ಲಿ ಗಣಕಯಂತ್ರದ ಮೂಲಕ ಟೆಂಡರು ಹಾಕುವ ವ್ಯವಸ್ಥೆಯೂ ಬಂದಿದೆ. ಆದರೂ ದನದ ಸಂತೆಗೆ ಹೋಗಿ ನೋಡಿ. ಹಳೆಯ ವಲ್ಲಿ ಇನ್ನೂ ಕೆಲವು ಕೈಗಳ ಮೇಲಿದೆ.

ಮೂರನೆಯದು ಕೂಲಿ, ಅದರೊಡನೆ ಹುಟ್ಟಿದ್ದು ಜೊತೆಗೆಲಸಗಾರರ ತಕರಾರು. ‘ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು’ ಎಂಬ ಗಾದೆಯನ್ನು ಕಟ್ಟಿದವನು ಖಂಡಿತವಾಗಿ ಯಾವುದೋ ಕಚೇರಿಯಲ್ಲಿ ಕೆಲಸ ಮಾಡಿದವನಿರಬೇಕು.

ಬಾದಾಮಿಯ ಮೂರನೆಯ ಗುಹೆಯನ್ನು ೫೭೮ರಲ್ಲಿ ಮಂಗಲೇಶನು ಮಾಡಿಸಿದನು. ಅಲ್ಲಿ ಅವನದೇ ಒಂದು ಚಿಕ್ಕ ಕನ್ನಡ ಶಾಸನವಿದೆ. ಈ ಕಲ್ಮನೆಗೆ ಲಂಜಿಗೇಸರವೆಂಬ ಊರನ್ನು ಬಿಟ್ಟದ್ದನ್ನು ಹೇಳುವಾಗ ಹೂಮಾಲೆಯವರ ಅರ್ಧ ವೀಸದ ಮಾತೂ ಅದರಲ್ಲಿ ಬರುತ್ತದೆ. ವೀಸವೆಂದರೆ ಹದಿನಾರರಲ್ಲಿ ಒಂದು ಪಾಲು, ಅದರಲ್ಲಿಯೂ ಅರ್ಧ. ಎಷ್ಟು ಸಣ್ಣ ಮೊತ್ತ! ಆದರೆ ಇದನ್ನು ಕೆಡಿಸಿದವನು ಏಳನೆಯ ನರಕದ ಹುಳುವಾಗುವನೆಂದು ಶಾಪವನ್ನೂ ಹಾಕಿದ್ದಾರೆ. ಹೂಗಾರನ ಅರ್ಧ ವೀಸಕ್ಕೂ ಅರಸನ ಶಾಪದ ಕಾವಲು ಬೇಕಾಯಿತೆಂದರೆ, ಸಣ್ಣವರ ಸಣ್ಣ ಹಣವೇ ಎಲ್ಲಕ್ಕಿಂತ ಮೊದಲು ಕಾಣೆಯಾಗುತ್ತದೆ ಎಂಬುದನ್ನು ಆ ಕಾಲದವರೂ ಬಲ್ಲವರಾಗಿದ್ದರು.

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯನ್ನು ಕಟ್ಟಿದ ಗುಂಡ ಅನಿವಾರಿತಾಚಾರಿಗೆ ‘ತ್ರಿಭುವನಾಚಾರಿ’ ಎಂಬ ಬಿರುದು ಸಿಕ್ಕಿತು. ಐಹೊಳೆಯಲ್ಲಿ ನರಸೊಬ್ಬನೆಂಬ ಶಿಲ್ಪಿಯನ್ನು, ಜಂಬೂದ್ವೀಪದಲ್ಲಿಯೇ ಅವನಂಥವನಿಲ್ಲವೆಂದು ಹೊಗಳಿದ ಬರಹವಿದೆ. ಮುಖ್ಯಸ್ಥರ ಹೆಸರು ಉಳಿಯಿತು; ಕಲ್ಲು ಹೊತ್ತವರ, ಉಳಿ ಕಾಸಿದವರ, ನೀರು ಕೊಟ್ಟವರ ಹೆಸರುಗಳಿಲ್ಲ. ಸಂಬಳ ಹೆಚ್ಚಿಸುವ ಪಟ್ಟಿಯಲ್ಲಿ ತಮ್ಮ ಹೆಸರು ಕಾಣದೆ ಮುಖ ಸಣ್ಣದು ಮಾಡಿಕೊಂಡವರು ಈ ಗುಡಿಗಳ ಮುಂದೆ ನಿಂತು ಸ್ವಲ್ಪ ಸಮಾಧಾನ ತಂದುಕೊಳ್ಳಬಹುದು.

ಮಿತಾಕ್ಷರೆಯಲ್ಲಿ ಜೊತೆಗೆಲಸದ ವಿಷಯಕ್ಕೆ ‘ಸಂಭೂಯ ಸಮುತ್ಥಾನ’ ಎಂಬ ಪ್ರಕರಣವೇ ಇದೆ. ಪಾಲುಗಾರರಲ್ಲಿ ಮೋಸಗಾರನಾದವನನ್ನು ಲಾಭ ಕೊಡದೆ ಹೊರಗೆ ಹಾಕಬೇಕು. ಕೈಲಾಗದವನು ತನ್ನ ಕೆಲಸವನ್ನು ಬೇರೊಬ್ಬನಿಂದ ಮಾಡಿಸಬೇಕು. ಆಪತ್ತಿನಲ್ಲಿ ಸರಕನ್ನು ಕಾಪಾಡಿದವನಿಗೆ ಹತ್ತನೆಯ ಒಂದು ಪಾಲು ಹೆಚ್ಚಿಗೆ. ಕೂಲಿಯ ಪ್ರಕರಣದಲ್ಲಿ, ಕೂಲಿ ಪಡೆದು ಕೆಲಸ ಬಿಟ್ಟುಹೋದವನು ಎರಡರಷ್ಟು ಕೊಡಬೇಕು. ಇಬ್ಬರು ಕೂಡಿ ಹಿಡಿದ ಕೆಲಸ ಮುಗಿಯದಿದ್ದರೆ ಯಾರು ಎಷ್ಟು ಮಾಡಿದರೋ ಅವರಿಗೆ ಅಷ್ಟು. ಕೂಲಿಯನ್ನು ಗೊತ್ತುಮಾಡದೆಯೇ ದುಡಿಸಿಕೊಂಡ ಯಜಮಾನನೂ ಪಾರಾಗುವುದಿಲ್ಲ: ವ್ಯಾಪಾರ, ಪಶು, ಬೆಳೆಗಳ ಹುಟ್ಟುವಳಿಯಲ್ಲಿ ಹತ್ತನೆಯ ಒಂದು ಪಾಲನ್ನು ಅವನಿಂದ ಅರಸನು ಕೊಡಿಸಬೇಕು.

ಮುಂದೆ ಇದೇ ಹುನಗುಂದ ಸೀಮೆಯ ಕೂಡಲಸಂಗಮದಲ್ಲಿ ಬೆಳೆದು ಕಲ್ಯಾಣದ ಭಂಡಾರಿಯಾದ ಬಸವಣ್ಣನವರ ಸುತ್ತ ಸೇರಿದವರ ಹೆಸರುಗಳನ್ನು ನೋಡಿ: ಕದಿರ ರೆಮ್ಮವ್ವೆ ನೂಲುವವಳು, ಮೇದಾರ ಕೇತಯ್ಯ ಬುಟ್ಟಿ ಹೆಣೆಯುವವನು, ಸುಂಕದ ಬಂಕಣ್ಣ ಸುಂಕ ವಸೂಲಿಯವನು. ಕಸುಬೇ ಅವರ ಮನೆತನದ ಹೆಸರಾಯಿತು. ಆಯ್ದಕ್ಕಿ ಮಾರಯ್ಯನು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಮರಳಿ ಅಲ್ಲಿಯೇ ಸುರಿದು ಬರಲು ಹೇಳಿದಳೆಂಬ ಕಥೆ ನಿಮಗೆ ತಿಳಿದದ್ದೇ. ಕಡಿಮೆ ಕೊಟ್ಟದ್ದಕ್ಕೆ ಜಗಳವಾಡಿದವರು ಲೋಕದಲ್ಲಿ ಬಹಳ. ಹೆಚ್ಚು ಬಂದದ್ದಕ್ಕೆ ಜಗಳವಾಡಿದವಳು ಲಕ್ಕಮ್ಮ ಒಬ್ಬಳೇ ಇರಬೇಕು.

ಕೊನೆಗೆ ಇಳಕಲ್ಲಿಗೆ ಬರೋಣ. ಇಲ್ಲಿ ಅಳತೆ, ಧಾರಣೆ, ಕೂಲಿ ಮೂರೂ ಒಂದೇ ಸೀರೆಯಲ್ಲಿ ಸೇರಿಕೊಂಡಿವೆ.

ಇಳಕಲ್ಲ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ಸಾಮಾನ್ಯವಾಗಿ ಹತ್ತಿ, ಸೆರಗು ಕೆಂಪು ರೇಶಿಮೆ. ಒಂದೊಂದು ಸೀರೆಗೂ ಈ ಎರಡು ಹಾಸುಗಳ ಎಳೆಗಳನ್ನು ಕೊಂಡಿಗೆ ಕೊಂಡಿ ಸಿಕ್ಕಿಸಿ ಜೋಡಿಸಬೇಕು. ತೋಪತೆನೆ ಎಂದು ಹೆಸರಾದ ಆ ಸೆರಗಿನ ಹಿಂದೆ ಈ ತಾಳ್ಮೆಯಿದೆ. ನೂಲಿಗೆ ಬಣ್ಣ ಹಾಕುವವರು, ಹಾಸು ಮಾಡುವವರು, ಗಂಜಿ ಕೊಡುವವರು, ಎಳೆ ಜೋಡಿಸುವವರು, ಕಂಡಿಕೆ ಸುತ್ತುವವರು, ಇಷ್ಟೂ ಜನರ ಕೆಲಸ ಮುಗಿದ ಮೇಲೆ ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟವನು ಲಾಳಿ ಎಸೆಯಬೇಕು. ಒಬ್ಬರು ಒಂದು ದಿನ ತಡಮಾಡಿದರೆ ಉಳಿದವರೆಲ್ಲ ಕೈಕಟ್ಟಿ ಕೂಡಬೇಕು. ಜೊತೆಗೆಲಸಗಾರರ ಮೇಲಿನ ಸಿಟ್ಟು ಎಂದರೇನೆಂದು ನೇಕಾರರನ್ನು ಕೇಳಬೇಕು!

ಆದರೆ ಆ ಸಿಟ್ಟಿನ ಕೆಳಗೆ ಇನ್ನೊಂದು ಇದೆ. ಮಜೂರಿ ಸೀರೆಗಿಷ್ಟೆಂದು ಮಗ್ಗದವನ ಕೈಗೆ ಬರುತ್ತದೆ. ಮನೆಯ ಹೆಣ್ಣುಮಗಳು ಸುತ್ತಿದ ಕಂಡಿಕೆಗೆ ಬೇರೆ ಲೆಕ್ಕವಿಲ್ಲ. ನೂಲು ಕೊಟ್ಟು ಸೀರೆ ಪಡೆಯುವ ಸಾವುಕಾರನ ಹತ್ತಿರ ಮುಂಗಡ ಪಡೆದವನು ಅದು ತೀರುವ ತನಕ ಅವನ ಮಗ್ಗದವನೇ. ಬೇರೆಯವನು ಹೆಚ್ಚು ಕೊಡುತ್ತೇನೆಂದರೂ ಹೋಗುವಂತಿಲ್ಲ. ಈ ಬಗೆಯ ಕಟ್ಟನ್ನು ಸಡಿಲಿಸಲೆಂದೇ ಸಹಕಾರ ಚಳುವಳಿ ಹುಟ್ಟಿತು. ೧೯೦೪ರ ಕಾನೂನಿನ ಮರುವರ್ಷವೇ, ೧೯೦೫ರಲ್ಲಿ, ನೆರೆಯ ಗದಗಿನ ಕಣಗಿನಹಾಳದಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಂಘವನ್ನು ಕಟ್ಟಿದರು. ೧೯೧೨ರ ಕಾನೂನಿನಿಂದ ಪತ್ತಿನ ಹೊರತಾದ ಕೆಲಸಗಳಿಗೂ, ನೇಕಾರರಿಗೂ ಸಂಘ ಕಟ್ಟುವ ದಾರಿ ತೆರೆಯಿತು. ೧೯೭೫ರಲ್ಲಿ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮ ಬಂದಿತು. ೧೯೮೫ರಲ್ಲಿ ಕೆಲವು ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ ಕೇಂದ್ರದ ಕಾನೂನಾಯಿತು. ೨೦೦೬ರಲ್ಲಿ ಕೈಮಗ್ಗದ ಗುರುತಿನ ಚೀಟಿ ಬಂದಿತು. ಇಳಕಲ್ಲ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆತಿದೆ.

ಇಷ್ಟೆಲ್ಲ ಇದ್ದೂ ವಿದ್ಯುತ್ ಮಗ್ಗದಲ್ಲಿ ಒಂದೇ ಸಮನೆ ಓಡಿದ ಬಟ್ಟೆ ಇಳಕಲ್ಲ ಸೀರೆಯೆಂಬ ಹೆಸರಿನಲ್ಲಿ ಮಾರಾಟವಾಗುತ್ತದೆ. ಅಗ್ಗದ ಸೀರೆ ಉಡುವುದು ತಪ್ಪಲ್ಲ. ಎಲ್ಲರ ಕೈಯಲ್ಲಿ ಅಷ್ಟು ಹಣವಿರುವುದಿಲ್ಲ. ಅದನ್ನು ಅದರ ಹೆಸರಿನಿಂದ ಮಾರದಿರುವುದು ತಪ್ಪು. ಕೊಂಡವಳು ಕೈಮಗ್ಗದ ಬೆಲೆ ಕೊಡುತ್ತಾಳೆ, ಎಳೆ ಜೋಡಿಸಿದವಳಿಗೆ ಏನೂ ಮುಟ್ಟುವುದಿಲ್ಲ. ನಡುವಿನ ಹಣ ಮತ್ತೆ ಆ ವಲ್ಲಿಯ ಕೆಳಗೆ ಹೋಗುತ್ತದೆ. ಹೀಗೆಯೇ ನಡೆದರೆ ಮಗ್ಗದವನ ಮಗನು ಕುಣಿಯೊಳಗೆ ಕಾಲಿಡನು. ಅವನನ್ನು ದೂರುವುದಾದರೂ ಹೇಗೆ?

ಹಾಗಾದರೆ ನಾವೇನು ಮಾಡಬೇಕು? ಹಿಂದಿನವರು ಮಾಡಿದ್ದನ್ನೇ. ಅವರು ಮನುಷ್ಯರೆಲ್ಲ ಒಳ್ಳೆಯವರಾಗಲೆಂದು ಕಾಯುತ್ತ ಕೂಡಲಿಲ್ಲ. ಗಳೆಯ ಉದ್ದವನ್ನು ಎಲ್ಲರೂ ಕಾಣುವಂತೆ ಕಲ್ಲಿನಲ್ಲಿ ಕೊರೆದರು. ತೆರಿಗೆಯನ್ನು ಕಂಬದ ಮೇಲೆ ಬರೆದರು. ಧಾರಣೆಯನ್ನು ಬಾಯಿಬಿಟ್ಟು ಕೂಗುವಂತೆ ಮಾಡಿದರು. ಬಚ್ಚಿಟ್ಟದ್ದನ್ನು ಬಯಲಿಗೆ ತಂದಷ್ಟೇ ಮೋಸ ಕಡಿಮೆಯಾಯಿತು, ತರದಷ್ಟು ಉಳಿಯಿತು. ಗ್ರಾಹಕರ ರಕ್ಷಣೆಗೆ ೧೯೮೬ರಲ್ಲಿ ಕಾನೂನು ಬಂದಿತು, ೨೦೧೯ರಲ್ಲಿ ಅದರ ಸ್ಥಾನದಲ್ಲಿ ಹೊಸದಾಗಿದೆ. ನಿಮ್ಮ ತಿರುಗದ ಪಂಖಕ್ಕೂ ಅದರಲ್ಲಿ ದಾರಿಯಿದೆ. ಆದರೆ ರಸೀದಿಯನ್ನು ಕೇಳಿ ಪಡೆದಿರಬೇಕು.

ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿಯ ಜಾತ್ರೆಗೆ ಹೋದಾಗಲೋ, ಮದುವೆಯ ಜವಳಿಗೆಂದು ಇಳಕಲ್ಲಿಗೆ ಹೋದಾಗಲೋ ಸೀರೆಯನ್ನು ಒಮ್ಮೆ ತಿರುವಿ ಹಾಕಿ. ಒಡಲು ಮುಗಿದು ಸೆರಗು ಆರಂಭವಾಗುವ ಕಡೆ ಬೆರಳಾಡಿಸಿ ನೋಡಿ. ಎಳೆಗೆ ಎಳೆ ಸಿಕ್ಕಿಸಿದ ಕೊಂಡಿಗಳ ಸಾಲು ಕೈಗೆ ಹತ್ತಿದರೆ ಅಲ್ಲಿ ಒಬ್ಬರ ಮಜೂರಿ ಇದೆ. “ಇದನ್ನು ಜೋಡಿಸಿದವರಿಗೆ ಎಷ್ಟು ಕೊಟ್ಟಿರಿ?” ಎಂದು ಅಂಗಡಿಯವರನ್ನು ಕೇಳಿ. ಅವರಿಗೆ ಉತ್ತರ ಗೊತ್ತಿಲ್ಲದಿರಬಹುದು. ಹತ್ತು ಗಿರಾಕಿಗಳು ಕೇಳಿದ ಮೇಲೆ ತಿಳಿದುಕೊಂಡಿರುತ್ತಾರೆ.